ಬಿ.ಮ್ಯಾಥ್, ಬಿಎಸ್-ಎಂಎಸ್, ಇಲ್ಲಾ ಊರ ಕಾಲೇಜಿನ ಬಿಎಸ್ಸಿ? ಓದಿದವರು ಅನುಭವ ಹೇಳಿ

ಪಿಯು ಮುಗಿದವಳು:
ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಬೆಂಗಳೂರಿನ ಬಿ.ಮ್ಯಾಥ್‌ಗೆ, ಅಂದರೆ ಗಣಿತದ ಡಿಗ್ರಿಗೆ, ಸೀಟು ಸಿಕ್ಕಿದೆ. ಐಎಟಿ (ಐಸರ್ ಪ್ರವೇಶ ಪರೀಕ್ಷೆ) ರ‍್ಯಾಂಕಿಗೆ ಐಸರ್ (ಕೇಂದ್ರದ ವಿಜ್ಞಾನ ಸಂಸ್ಥೆ) ತಿರುಪತಿಯ ಐದು ವರ್ಷದ ಬಿಎಸ್-ಎಂಎಸ್ ಕೋರ್ಸೂ ಬರುತ್ತಿದೆ. ಗಣಿತ ಜಾಸ್ತಿ ಇಷ್ಟ, ಆದರೆ ಫಿಸಿಕ್ಸ್ ಬಿಡೋಕೆ ಮನಸ್ಸಿಲ್ಲ. ಅಪ್ಪ ಎರಡೂ ಬೇಡ, ಇಲ್ಲೇ ಬಿಎಸ್ಸಿ ಮಾಡು ಅನ್ನುತ್ತಾರೆ. ದುಡ್ಡು ಕಟ್ಟೋಕೆ ಕೊನೇ ದಿನ ಹತ್ತಿರ ಬಂತು. ಓದಿದವರು ದಯವಿಟ್ಟು ಹೇಳಿ.

ಈರುಳ್ಳಿ ಬೇರು:
ನಾನು ಓದಿದ್ದು ಐದು ವರ್ಷದ ಕೋರ್ಸು, ಎಲ್ಲಿ ಅಂತ ಬೇಡ. ಫಿಸಿಕ್ಸ್ ಅಂತಲೇ ಹೋದವನು ಮೊದಲ ವರ್ಷ ಬಯಾಲಜಿ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ಸ್ಲೈಡ್ ನೋಡುತ್ತಾ ಕೂತಿದ್ದೆ. ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡವನಿಗೆ ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು ಅಲ್ವಾ? ಜಿಪಿಎ (ಸರಾಸರಿ ಗ್ರೇಡ್) ಬಿದ್ದದ್ದು ಅಲ್ಲೇ. ಆಮೇಲೆ ಕ್ವಾಂಟಮ್‌ನಲ್ಲಿ ಎಷ್ಟೇ ಅಂಕ ತೆಗೆದರೂ ಅದು ಸರಿಯಾಗಿ ಮೇಲೆ ಬರಲಿಲ್ಲ, ಮತ್ತು ಬೇಸಿಗೆ ಪ್ರಾಜೆಕ್ಟಿಗೆ ಬರೆದ ಪ್ರತಿ ಪ್ರೊಫೆಸರೂ ಮೊದಲು ಕೇಳುತ್ತಿದ್ದುದು ಅದನ್ನೇ. ದುಡ್ಡಿನ ವಿಷಯ: ಇನ್‌ಸ್ಪೈರ್ (ವಿಜ್ಞಾನ ಓದುವವರಿಗೆ ಕೇಂದ್ರದ ಸ್ಕಾಲರ್‌ಶಿಪ್) ವರ್ಷಕ್ಕೆ 80,000 ಅಂತ ಎಲ್ಲರೂ ಹೇಳುತ್ತಾರೆ. ಕೈಗೆ ಬರೋದು 60,000, ಉಳಿದ 20,000 ಬೇಸಿಗೆ ಪ್ರಾಜೆಕ್ಟಿನ ಲೆಕ್ಕದ್ದು. ನಮ್ಮ ಮನೆಯಲ್ಲಿ ಪೂರ್ತಿ 80,000 ಹಿಡಿದು ಬಜೆಟ್ ಹಾಕಿದ್ದರು. ಮೆಸ್ ದುಡ್ಡು ಸೆಮಿಸ್ಟರ್ ಶುರುವಲ್ಲೇ ಒಟ್ಟಿಗೆ ಕಟ್ಟಬೇಕು, ಊಟ ಮಾಡಿದರೂ ಬಿಟ್ಟರೂ ಅಷ್ಟೇ. ಹಾಸಿಗೆ, ಬಕೆಟ್, ಫ್ಯಾನಿನ ಕೆಳಗಿನ ಮಂಚಕ್ಕೆ ಜಗಳ, ಎಲ್ಲಾ ಬೇರೆ. ಆದರೂ ಮೂರನೇ ವರ್ಷದ ಆಪ್ಟಿಕ್ಸ್ ಲ್ಯಾಬ್ ಬೇರೆಲ್ಲೂ ಸಿಗುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೂ ಬೀಗದ ಕೈ ನಮ್ಮ ಹತ್ತಿರವೇ ಇರುತ್ತಿತ್ತು.

ಸರ್ಕಾರಿ ಬೆಂಚು:
ಊರ ಕಾಲೇಜು ಅಂದರೆ ಮೂಗು ಮುರಿಯುವವರು ಇದನ್ನು ಓದಿ. ನಾನು ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ, ಜಾಮ್ (ಎಂಎಸ್ಸಿ ಥರದ ಕೋರ್ಸಿನ ಪ್ರವೇಶ ಪರೀಕ್ಷೆ) ಬರೆದು, ಈಗ ಇಂಟಿಗ್ರೇಟೆಡ್ ಪಿಎಚ್‌ಡಿಯಲ್ಲಿದ್ದೇನೆ, ಎಂಎಸ್ಸಿ ಪಿಎಚ್‌ಡಿ ಎರಡೂ ಒಟ್ಟಿಗೆ. ಮೂರು ವರ್ಷದ ಫೀಸು ಸೇರಿಸಿದರೂ ನಿಮ್ಮ ಒಂದು ಸೆಮಿಸ್ಟರಿನ ಮೆಸ್ ಬಿಲ್ ಆಗಲ್ಲ. ಕಷ್ಟ ಇರಲಿಲ್ಲ ಅಂತಲ್ಲ. ನಮ್ಮದು 2021ರ ಬ್ಯಾಚು, ಎನ್‌ಇಪಿಯ (ನಾಲ್ಕು ವರ್ಷದ ಡಿಗ್ರಿ ತಂದ ಹೊಸ ಶಿಕ್ಷಣ ನೀತಿ) ಮೊದಲ ಬ್ಯಾಚು. ಸಿಲೆಬಸ್ ಬರುವ ಹೊತ್ತಿಗೆ ಪರೀಕ್ಷೆ ಹತ್ತಿರ. ಓಪನ್ ಎಲೆಕ್ಟಿವ್ ಅಂತ ಸಂಬಂಧ ಇಲ್ಲದ ವಿಷಯ ಓದಿಸಿದರು, ಡಿಜಿಟಲ್ ಫ್ಲೂಯೆನ್ಸಿ ಅಂತ ಒಂದು ಪೇಪರು. ನಾಲ್ಕನೇ ವರ್ಷ ಆನರ್ಸ್ ಮಾಡೋಣ ಅಂದರೆ ನಮ್ಮ ಕಾಲೇಜಿನಲ್ಲಿ ಪಾಠ ಮಾಡುವವರೇ ಇಲ್ಲ. 2024-25ಕ್ಕೆ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು, ನಾವು ಮಾತ್ರ ಎರಡಕ್ಕೂ ಸೇರದೆ ಉಳಿದೆವು. ಜಾಮ್‌ಗೆ ನಾನೇ ಕೂತು ಓದಿದೆ. 60 ಪ್ರಶ್ನೆ, 100 ಅಂಕ, ಮೂರು ಗಂಟೆ. ಕೋಚಿಂಗ್ ಇಲ್ಲ.

ಈರುಳ್ಳಿ ಬೇರು:
ಜಾಮ್ ಪಾಸಾದವರು ಮಾತ್ರ ಬಂದು ಕತೆ ಹೇಳುತ್ತಾರೆ ಗುರುಗಳೇ. ನಿಮ್ಮ ಕ್ಲಾಸಿನ ಉಳಿದವರೆಲ್ಲ ಎಲ್ಲಿದ್ದಾರೆ?

ಸರ್ಕಾರಿ ಬೆಂಚು:
ಬಿಎಡ್ ಮಾಡಿ ಮೇಷ್ಟ್ರಾಗಿದ್ದಾರೆ, ಬ್ಯಾಂಕಿನಲ್ಲಿದ್ದಾರೆ. ಅದು ಅವಮಾನವಾ? ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ಫಿಸಿಕ್ಸಿನಲ್ಲಿ ಉಳಿದರು, ಎಷ್ಟು ಜನ ಕೋಡಿಂಗಿಗೆ ಹೋದರು, ಅದನ್ನೂ ಬರೆಯಿರಿ.

ಎಪ್ಸಿಲಾನ್:
ಇಬ್ಬರೂ ಫಿಸಿಕ್ಸಿನವರು, ಹುಡುಗಿ ಗಣಿತ ಇಷ್ಟ ಅಂದಿದ್ದಾಳೆ. ನಾನು ಬರೀ ಗಣಿತದ ಮೂರು ವರ್ಷದ ಕೋರ್ಸ್ ಮಾಡಿದವಳು. ಪಿಯುನಲ್ಲಿ ನೂರಕ್ಕೆ ನೂರು. ಮೊದಲ ಸೆಮಿಸ್ಟರಿನ ಅನಾಲಿಸಿಸ್ (ಕ್ಯಾಲ್ಕುಲಸ್ಸಿನ ತಳಹದಿ) ಪೇಪರಿನಲ್ಲಿ ಎರಡೇ ಪ್ರಶ್ನೆ ಪೂರ್ತಿ ಬರೆದೆ. ಅಲ್ಲಿಯವರೆಗೆ ಗಣಿತ ಅಂದರೆ ಉತ್ತರ ತೆಗೆಯೋದು. ಅಲ್ಲಿ ಉತ್ತರವನ್ನು ಅವರೇ ಕೊಟ್ಟಿರುತ್ತಾರೆ, ಅದು ಯಾಕೆ ನಿಜ ಅಂತ ತೋರಿಸಬೇಕು. ಸಂಜೆ ಪೂರ್ತಿ ಬರೆದ ಸಾಧನೆಯ (ಪ್ರೂಫ್) ಪಕ್ಕ ಟಿಎ (ಟೀಚಿಂಗ್ ಅಸಿಸ್ಟೆಂಟ್) ಒಂದೇ ಮಾತು ಬರೆದಿದ್ದರು: "ಇದೇ ಡೆಲ್ಟಾ ಎಲ್ಲಾ ಬಿಂದುವಿಗೂ ನಡೆಯುತ್ತಾ?" ನಡೆಯಲ್ಲ. ಡೆಲ್ಟಾ ಅಂದರೆ ಸಾಧನೆಯಲ್ಲಿ ನಾವು ಆರಿಸಿಕೊಳ್ಳುವ ಚಿಕ್ಕ ದೂರ, ಬಿಂದುವಿಗೊಂದು ಡೆಲ್ಟಾ ಬೇಕಿತ್ತು. ಒಂದು ವಿಷಯಕ್ಕೆ ಬ್ಯಾಕ್ ಪೇಪರ್ ಬರೆದೆ, ಅದರಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಪಾಸ್ ಅಂಕಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. ಆ ಸೆಮಿಸ್ಟರಿನ ಸ್ಟೈಪೆಂಡ್ ಹೋಯಿತು, ಮನೆಗೆ ಹೇಳಲಿಲ್ಲ, ಟ್ಯೂಷನ್ ಹೇಳಿ ಖರ್ಚು ನಡೆಸಿದೆ. ಆದರೆ ಮೂರು ವರ್ಷ ಆದ ಮೇಲೆ ಯಾವ ಪುಸ್ತಕಕ್ಕೂ ಹೆದರಲಿಲ್ಲ. ಲ್ಯಾಬಿನ ಬೀಗದ ಕೈ ಬಗ್ಗೆ ಕತೆ ಹೇಳುವವರಿಗೆ ಇದು ಅರ್ಥ ಆಗಲ್ಲ.

ಈರುಳ್ಳಿ ಬೇರು:
ಮೇಡಂ, ಲ್ಯಾಬ್ ಬಗ್ಗೆ ವ್ಯಂಗ್ಯ ಯಾಕೆ? ತಾಳೆ ಆಗದ ರೀಡಿಂಗ್ ಹಿಡಿದು ವಾರಗಟ್ಟಲೆ ಕೂತು ನೋಡಿ, ಸಾಧನೆ ಬರೆಯೋದು ಸುಲಭ ಅನಿಸುತ್ತೆ.

ಸಿರುಸೇರಿ ಬಸ್ಸು:
ಎರಡೂ ಬೇಕು ಅನ್ನುವವರಿಗೆ ಸಿಎಂಐನಲ್ಲಿ (ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್) ಗಣಿತ ಮತ್ತು ಫಿಸಿಕ್ಸ್ ಸೇರಿದ ಬಿಎಸ್ಸಿ ಆನರ್ಸ್ ಇದೆ. ಮೂರು ವರ್ಷ. ಯಾರೂ ಹೇಳಲೇ ಇಲ್ಲ.

ಎಪ್ಸಿಲಾನ್:
ಅದಕ್ಕೆ ಪ್ರವೇಶ ಪರೀಕ್ಷೆಯೇ ಬೇರೆ, ಮುಗಿದೂ ಹೋಯಿತು. ಈಗ ಹೇಳಿ ಏನು ಪ್ರಯೋಜನ?

ಸಿರುಸೇರಿ ಬಸ್ಸು:
ಮುಂದಿನ ವರ್ಷ ಓದುವವರಿಗೆ ಬೇಕಾಗುತ್ತೆ. ಇದನ್ನು ಅವಳೊಬ್ಬಳೇ ಓದುತ್ತಾಳಾ?

ಟಿಸಿ ಸಿಗದವನು:
ಯಾವ ಕೋರ್ಸ್ ಅನ್ನೋದು ಆಮೇಲೆ, ಮೊದಲು ಟಿಸಿ ಎಲ್ಲೂ ಕೊಡಬೇಡಿ! ಇರಲಿ ಅಂತ ಮೊದಲು ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದ್ದೆ. ಆಮೇಲೆ ಕೌನ್ಸೆಲಿಂಗಿನ ಕೊನೇ ಸುತ್ತಿನಲ್ಲಿ ಬೇಕಾದ ಕಡೆ ಸೀಟು ಬಂತು. ಕಾಲೇಜಿನವರು ಟಿಸಿ, ಮಾರ್ಕ್ಸ್ ಕಾರ್ಡು ಕೊಡಬೇಕಾದರೆ ಮೂರೂ ವರ್ಷದ ಫೀಸು ಕಟ್ಟು ಅಂದರು. ಸೇರುವಾಗ ಕಟ್ಟಿದ್ದು 42,000. ಅದು ಹೋಯಿತು. ಯೂನಿಫಾರಂ 3,600, ಹೊಲಿಸಿದ್ದು ಒಗೆಯೋಕೂ ಆಗಿಲ್ಲ. ಬಸ್ ಪಾಸು 9,000. ಹೊಸ ಕಡೆ ದಾಖಲೆ ಆಮೇಲೆ ಕೊಡುತ್ತೇನೆ ಅಂತ ಛಾಪಾ ಕಾಗದದಲ್ಲಿ ಬರೆದುಕೊಟ್ಟು, ನೋಟರಿಗೆ ದುಡ್ಡು ಕೊಟ್ಟು, ರಾತ್ರಿ ಬಸ್ಸಲ್ಲಿ ನಿಂತು ಹೋದೆ. ಅಪ್ಪ ಒಬ್ಬ ಮುಖಂಡರನ್ನು ಹಿಡಿದ ಮೇಲೆ ಟಿಸಿ ಸಿಕ್ಕಿತು, 25,000 ಕೊಟ್ಟು, ರಸೀದಿ ಇಲ್ಲದೆ.

ಸಿರುಸೇರಿ ಬಸ್ಸು:
ಮೂಲ ದಾಖಲೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಪ್ರವೇಶದ ಕೊನೇ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಬಿಟ್ಟರೆ ಫೀಸು ಪೂರ್ತಿ ವಾಪಸ್ಸು, ಹೆಚ್ಚೆಂದರೆ 5% ಹಿಡಿಯಬಹುದು, ಅದೂ 5,000 ಮೀರಬಾರದು. ಅರ್ಜಿ ಕೊಡಬೇಕಿತ್ತು.

ಟಿಸಿ ಸಿಗದವನು:
ಆ ನಿಯಮದ ಪ್ರಿಂಟೌಟ್ ಹಿಡಿದುಕೊಂಡೇ ಹೋಗಿದ್ದೆ ಸ್ವಾಮಿ. ಕೌಂಟರಿನವರು ಓದಿ, ಮಡಚಿ ವಾಪಸ್ ಕೊಟ್ಟರು. ನಾಡಿದ್ದು ರಿಪೋರ್ಟ್ ಮಾಡಬೇಕಿದ್ದವನು ದೂರು ಕೊಟ್ಟು ಕಾಯುತ್ತಾ ಕೂರಬೇಕಿತ್ತಾ?

ಸರ್ಕಾರಿ ಬೆಂಚು:
ಖಾಸಗಿಗೆ ಹೋದರೆ ಇನ್ನೇನಾಗುತ್ತೆ. ಸರ್ಕಾರಿ ಕಾಲೇಜಿನಲ್ಲಿ ಕೇಳಿದ ದಿನವೇ ಕೊಡುತ್ತಾರೆ.

ಟಿಸಿ ಸಿಗದವನು:
ನಿಮ್ಮಲ್ಲಿ ಕ್ಲರ್ಕ್ ಕುರ್ಚಿಯಲ್ಲಿ ಸಿಕ್ಕಿದರೆ ತಾನೇ!

ಪಿಯು ಮುಗಿದವಳು:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಬಿ.ಮ್ಯಾಥ್ ಮಾಡಿ ಆಮೇಲೆ ಥಿಯರಿ ಫಿಸಿಕ್ಸಿಗೆ ಹೋಗೋಕೆ ಆಗುತ್ತಾ?

ಎಪ್ಸಿಲಾನ್:
ಆಗುತ್ತೆ. ನನ್ನ ಕ್ಲಾಸಿನವನೊಬ್ಬ ಹೋಗಿದ್ದಾನೆ. ಕ್ವಾಂಟಮ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಎಲ್ಲಾ ರಜೆಯಲ್ಲಿ ತಾನೇ ಓದಿಕೊಂಡ. ಅರ್ಜಿ ಹಾಕುವ ಕಡೆ ಬಿಎಸ್ಸಿಯಲ್ಲಿ ಫಿಸಿಕ್ಸ್ ಎಷ್ಟು ಇರಬೇಕು ಅಂತ ಮೊದಲೇ ನೋಡಿಕೊಳ್ಳಿ, ಅವನಿಗೆ ಒಂದು ಕಡೆ ಅಲ್ಲೇ ತಡೆ ಆಯಿತು.

ಈರುಳ್ಳಿ ಬೇರು:
ಲ್ಯಾಬ್ ಇಲ್ಲದೆ ಫಿಸಿಕ್ಸಾ? ಚೆನ್ನಾಗಿದೆ.

ಎಪ್ಸಿಲಾನ್:
ಥಿಯರಿ ಅಂತ ಕೇಳಿದ್ದಾಳೆ, ಕನ್ನಡಕ ಹಾಕಿಕೊಂಡು ಓದಿ.

ಟಿಸಿ ಸಿಗದವನು:
ಯಾವುದಕ್ಕಾದರೂ ಸೇರಮ್ಮ, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಅಟೆಸ್ಟ್ ಮಾಡಿಸಿ ಇಟ್ಟುಕೋ. ಮೈಗ್ರೇಷನ್ ಸರ್ಟಿಫಿಕೇಟೂ ಕೇಳುತ್ತಾರೆ, ಅದು ಟಿಸಿ ಅಲ್ಲ, ಬೋರ್ಡಿನಿಂದ ತರಬೇಕು.

ಸರ್ಕಾರಿ ಬೆಂಚು:
ರಾಜ್ಯದ ಒಳಗೆ ಸೇರಿದರೆ ಸಾಮಾನ್ಯವಾಗಿ ಮೈಗ್ರೇಷನ್ ಬೇಡ. ಸುಮ್ನೆ ಹೆದರಿಸಬೇಡಿ.

ಟಿಸಿ ಸಿಗದವನು:
ನನ್ನ ಹತ್ತಿರ ಕೇಳಿದ್ದರು!