ಲಾಕೌಟ್ ಆದಾಗ ಎನ್‌ಎಚ್‌ಎಲ್ ಬದಲಿ ಆಟಗಾರರನ್ನು ಯಾಕೆ ಇಳಿಸಲಿಲ್ಲ?

ಪ್ರಶ್ನೆ: 1987ರಲ್ಲಿ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಆಟಗಾರರು ಮುಷ್ಕರ ಹೂಡಿದಾಗ ಮಾಲೀಕರು ಬೇರೆಯವರನ್ನು ತಂದು ಮೂರು ವಾರ ಪಂದ್ಯ ನಡೆಸಿದರು. ಆದರೆ 2004-05ರಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಮಾಲೀಕರೇ ಆಟಗಾರರನ್ನು ಹೊರಗಿಟ್ಟಾಗ (ಲಾಕೌಟ್) ಸೀಸನ್ ಪೂರ್ತಿ ರದ್ದಾಯಿತು. ಇಲ್ಲೂ ಹಾಗೆ ಮಾಡಬಹುದಿತ್ತು ಅಲ್ವಾ?

ಉತ್ತರ 1: ಅಷ್ಟು ಸುಲಭ ಇರಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 1977ರಿಂದಲೇ ಮುಷ್ಕರ, ಲಾಕೌಟ್ ಸಮಯದಲ್ಲಿ ಬದಲಿ ಕೆಲಸಗಾರರನ್ನು ತರಬಾರದು ಅಂತ ಕಾನೂನಿದೆ, ಬ್ರಿಟಿಷ್ ಕೊಲಂಬಿಯಾದಲ್ಲೂ ಅಂಥದ್ದೇ ಇದೆ, ಹಾಗಾಗಿ ಮಾಂಟ್ರಿಯಲ್, ವ್ಯಾಂಕೂವರ್ ತಂಡಗಳ ವಿಷಯ ಕೋರ್ಟು ಕಚೇರಿ ಅಂತ ಎಳೆದಾಡುವ ಸಾಧ್ಯತೆ ಜಾಸ್ತಿ ಇತ್ತು. ಎರಡು ತಂಡ ಬಿಟ್ಟು ಲೀಗ್ ನಡೆಸೋಕಾಗುತ್ತಾ?

ಉತ್ತರ 2: ಕಾನೂನು ಒಂದು ಕಡೆ ಇರಲಿ. ಯಾಗರ್, ದಾತ್ಸ್ಯುಕ್ ಅಂಥ ಎನ್‌ಎಚ್‌ಎಲ್ ತಾರೆಯರು ರಷ್ಯಾದಲ್ಲಿ ಆಡುತ್ತಿದ್ದಾಗ ಇಲ್ಲಿ ಯಾರನ್ನೋ ನಿಲ್ಲಿಸಿ ಅದೇ ಜೆರ್ಸಿ ಹಾಕಿಸಿದರೆ ನಾನಂತೂ ನೋಡುತ್ತಿರಲಿಲ್ಲ. ಕೊನೆಗೂ ಮಾಲೀಕರೇ ಗೆದ್ದರು. ಇದ್ದ ಒಪ್ಪಂದಗಳಲ್ಲಿ ಸಂಬಳ ಶೇ. 24 ಕಡಿತ, ಮೇಲೆ ತಂಡದ ಒಟ್ಟು ಸಂಬಳಕ್ಕೆ 3.9 ಕೋಟಿ ಡಾಲರ್ ಮಿತಿ. ಆಟಗಾರರಿಗೆ ಆದದ್ದು ಅನ್ಯಾಯ ಅಂತಲೇ ನನಗನಿಸುತ್ತದೆ.

ಪ್ರಶ್ನೆ ಕೇಳಿದವರು: ಪ್ರಾಂತ್ಯಗಳ ಕಾನೂನು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. 2012-13ರ ಲಾಕೌಟ್‌ನಲ್ಲೂ ಬದಲಿಯವರು ಬರಲಿಲ್ಲ, ತಂಡಕ್ಕೆ 48 ಪಂದ್ಯ ಮಾತ್ರ ಉಳಿದದ್ದು ಈಗ ಅರ್ಥವಾಯಿತು.