ಪದಚರ್ಚೆ: ‘ಬ್ಲೂಸ್ಟಾಕಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

18ನೇ ಶತಮಾನದ ಲಂಡನ್ನಿನ ಸಾಹಿತಿಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ‘ಬ್ಲೂಸ್ಟಾಕಿಂಗ್’ ಅನ್ನೋ ಪದ ಮತ್ತೆ ಮತ್ತೆ ಬರುತ್ತದೆ. ನಿಘಂಟು ತೆಗೆದರೆ ‘ಓದಿನ ಗೀಳಿನ, ಪಾಂಡಿತ್ಯ ಮೆರೆಸುವ ಹೆಂಗಸು’ ಎಂಬ ಧಾಟಿಯ ಅರ್ಥ ಸಿಗುತ್ತದೆ. ಅದನ್ನೇ ಹಿಡಿದುಕೊಂಡು 1770ರ ಆಸುಪಾಸಿನ ಪತ್ರಗಳನ್ನು ಓದಿದರೆ ದಾರಿ ತಪ್ಪುವುದು ಖಂಡಿತ. ಈ ಹೆಸರು ಮೊದಲು ಅಂಟಿದ್ದು ಒಬ್ಬ ಗಂಡಸಿನ ಕಾಲಿಗೆ!

ಆತ ಬೆಂಜಮಿನ್ ಸ್ಟಿಲಿಂಗ್‌ಫ್ಲೀಟ್, ಸಸ್ಯಗಳ ಬಗ್ಗೆ ಬರೆಯುತ್ತಿದ್ದ ವಿದ್ವಾಂಸ. ದೊಡ್ಡವರ ಮನೆಗೆ ಹೋಗುವಾಗ ರೇಷ್ಮೆ ಕಾಲುಚೀಲ ಹಾಕುವುದು ಆಗಿನ ರಿವಾಜು. ಈತ ಮಾತ್ರ ದಿನಬಳಕೆಯ ನೀಲಿ ಉಣ್ಣೆ ಕಾಲುಚೀಲದಲ್ಲೇ ಬಂದುಬಿಡುತ್ತಿದ್ದ. ಎಷ್ಟು ಚೆನ್ನಾಗಿ ಮಾತಾಡುತ್ತಿದ್ದನೆಂದರೆ, ಅವನು ಬಾರದ ದಿನ ‘ನೀಲಿ ಕಾಲುಚೀಲ ಇಲ್ಲದೆ ನಮಗೆ ಏನೂ ನಡೆಯಲ್ಲ’ ಅನ್ನುತ್ತಿದ್ದರಂತೆ. ಹೀಗೆ ಬರೆದವರು ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ನರ ಜೀವನಚರಿತ್ರೆಯಲ್ಲಿ ಜೇಮ್ಸ್ ಬಾಸ್ವೆಲ್. ಆ ಪುಸ್ತಕ ಬಂದದ್ದು 1791ರಲ್ಲಿ. ಅಷ್ಟು ಹೊತ್ತಿಗೆ ಸ್ಟಿಲಿಂಗ್‌ಫ್ಲೀಟ್ ತೀರಿಕೊಂಡು 20 ವರ್ಷ. ಹಾಗಾಗಿ ಕತೆಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ ಕಾಲುಚೀಲ ಕಟ್ಟುಕತೆಯಲ್ಲ. 1757ರ ಒಂದು ಪತ್ರದಲ್ಲೇ ಅವನ ಗೆಳತಿ, ಲಂಡನ್ನಿನ ಶ್ರೀಮಂತೆ ಎಲಿಜಬೆತ್ ಮಾಂಟೆಗ್ಯೂ ಅದರ ಬಗ್ಗೆ ತಮಾಷೆ ಮಾಡಿದ್ದಾಳೆ: ನಮ್ಮ ತತ್ವಜ್ಞಾನಿ ಈಗ ಹಳೇ ಗೆಳೆಯರನ್ನೂ ನೀಲಿ ಕಾಲುಚೀಲವನ್ನೂ ಬಿಟ್ಟು ದಿನಾ ಸಂಜೆ ಆಪೆರಾಗೆ ಹೋಗ್ತಾನೆ ಅಂತ.

ಮಾತಿಗಾಗಿ ಸೇರುತ್ತಿದ್ದ ಈ ಗೆಳೆಯ ಗೆಳತಿಯರ ಬಳಗಕ್ಕೆ ಮಾಂಟೆಗ್ಯೂ ಮನೆಯೇ ನಡುಮನೆ. ಮೊದಲು ಲಂಡನ್ನಿನ ಹಿಲ್ ಸ್ಟ್ರೀಟಿನಲ್ಲಿ, ಆಮೇಲೆ ಪೋರ್ಟ್‌ಮನ್ ಸ್ಕ್ವೇರಿನ ಭಾರಿ ಬಂಗಲೆಯಲ್ಲಿ. ದುಡ್ಡು ಬರುತ್ತಿದ್ದದ್ದು ಗಂಡನ ಮನೆಯ ಕಲ್ಲಿದ್ದಲ ಗಣಿಗಳಿಂದ. ಆ ಕಾಲದ ಶ್ರೀಮಂತರ ಸಂಜೆ ಅಂದರೆ ಇಸ್ಪೀಟು. ಇಲ್ಲಿ ಇಸ್ಪೀಟಿಗೆ ಜಾಗವಿಲ್ಲ, ಬರೀ ಮಾತು. ಅತಿಥಿಗಳನ್ನು ದೊಡ್ಡ ಅರ್ಧವೃತ್ತದಲ್ಲಿ ಕೂರಿಸುವುದು ಮಾಂಟೆಗ್ಯೂ ಪದ್ಧತಿ. ಇನ್ನೊಬ್ಬ ಗೆಳತಿ ಎಲಿಜಬೆತ್ ವೆಸಿಗೆ ಅದು ಆಗಿಬರುತ್ತಿರಲಿಲ್ಲ. ಅವಳು ಕುರ್ಚಿಗಳನ್ನು ಅಲ್ಲೊಂದು ಇಲ್ಲೊಂದು ಎಳೆದು ಸಣ್ಣ ಸಣ್ಣ ಗುಂಪು ಮಾಡಿಬಿಡುತ್ತಿದ್ದಳು. ನನಗೇನೋ ವೆಸಿ ಮನೆಯೇ ಹೆಚ್ಚು ಇಷ್ಟವಾಗುತ್ತಿತ್ತು ಅನ್ನಿಸುತ್ತದೆ.

ಇಲ್ಲಿಗೆ ಬರುತ್ತಿದ್ದ ಹೆಂಗಸರು ಸುಮ್ನೆ ಕಾಲಹರಣಕ್ಕೆ ಬಂದವರಲ್ಲ. ಎಲಿಜಬೆತ್ ಕಾರ್ಟರ್ 1758ರಲ್ಲಿ ಗ್ರೀಕ್ ತತ್ವಜ್ಞಾನಿ ಎಪಿಕ್ಟೆಟಸ್‌ನನ್ನು ಇಂಗ್ಲಿಷಿಗೆ ತಂದು, ಮುಂಗಡ ಚಂದಾದಿಂದ ಸುಮಾರು 1,000 ಪೌಂಡ್ ಗಳಿಸಿದಳು. ಮಾಂಟೆಗ್ಯೂ 1769ರಲ್ಲಿ ವೋಲ್ಟೇರ್‌ನ ಟೀಕೆಗೆ ಎದುರಾಗಿ ಷೇಕ್ಸ್‌ಪಿಯರನ ಪರ ಪುಸ್ತಕ ಬರೆದಳು. ಇವರ ಹೆಸರು ಎಷ್ಟು ಮಟ್ಟಿಗೆ ಹಬ್ಬಿತೆಂದರೆ, ರಿಚರ್ಡ್ ಸ್ಯಾಮ್ಯುಯೆಲ್ ಎಂಬ ಕಲಾವಿದ ಬ್ರಿಟನ್ನಿನ 9 ಜೀವಂತ ಕಲಾದೇವಿಯರು ಅಂತ ಚಿತ್ರ ಬರೆದು 1779ರಲ್ಲಿ ಪ್ರದರ್ಶನಕ್ಕಿಟ್ಟ. ಅದಕ್ಕೂ ಮೊದಲೇ ಅದರ ಅಚ್ಚು 1778ರ ಹೆಂಗಸರ ಡೈರಿಯೊಂದರಲ್ಲಿ ಬಂದಿತ್ತು. ಅದನ್ನು ನೋಡಿದ ಕಾರ್ಟರ್, ಇದರಲ್ಲಿ ನೀನು ಯಾರು ನಾನು ಯಾರು ಅಂತಲೇ ತಿಳಿಯುತ್ತಿಲ್ಲ ಎಂದು ಮಾಂಟೆಗ್ಯೂಗೆ ಬರೆದಳು. ಪ್ರಸಿದ್ಧಿ ಅಂದರೆ ಆಗಲೂ ಹೀಗೇ, ಅಲ್ವಾ? ಮುಖ ಹೋಲದಿದ್ದರೂ ನಡೆಯುತ್ತದೆ.

ಅಂದರೆ ಆಗ ‘ಬ್ಲೂಸ್ಟಾಕಿಂಗ್’ ಅನ್ನೋದು ಹೆಂಗಸರು ಗಂಡಸರು ಇಬ್ಬರೂ ಸೇರಿದ್ದ ಬಳಗದ ಹೆಸರು. ಅವರೇ ನಗುನಗುತ್ತ ಇಟ್ಟುಕೊಂಡದ್ದು. ಬಳಗದ ಕವಯಿತ್ರಿ ಹಾನಾ ಮೋರ್ ಅದನ್ನೇ ಫ್ರೆಂಚಿಗೆ ತಿರುಗಿಸಿ ‘ಬಾ ಬ್ಲೂ’ ಅಂತ ಕವಿತೆಗೆ ಹೆಸರಿಟ್ಟಳು, 1786ರಲ್ಲಿ ಅಚ್ಚಾಯಿತು. ಹಾಗಂತ ಆಡಿಕೊಳ್ಳುವವರು ಇರಲಿಲ್ಲವೆಂದಲ್ಲ. ಕಾದಂಬರಿಕಾರ್ತಿ ಫ್ಯಾನಿ ಬರ್ನಿ 1779ರಲ್ಲೇ ಇಂಥ ಕೂಟಗಳನ್ನು ಗೇಲಿ ಮಾಡುವ ನಾಟಕ ಬರೆದಳು. ಅಪ್ಪನೇ ಅದನ್ನು ತಡೆದ. ಆದರೆ ಪದವೇ ಬೈಗುಳವಾದದ್ದು 19ನೇ ಶತಮಾನ ಹುಟ್ಟುವ ಹೊತ್ತಿಗೆ. ಆಗ ಗಂಡಸರು ಅದರಿಂದ ಜಾರಿಕೊಂಡರು, ಹೆಂಗಸರು ಉಳಿದರು. 1815ರ ರೋಲಂಡ್‌ಸನ್ ವ್ಯಂಗ್ಯಚಿತ್ರದಲ್ಲಿ ಈ ಹೆಂಗಸರು ಜುಟ್ಟು ಹಿಡಿದು ಜಗಳಾಡುತ್ತಾರೆ.

ಈಗ ನನ್ನ ತೊಡಕು. ‘ವಿದುಷಿ’ ಅನ್ನಬಹುದಿತ್ತು. ಆದರೆ ನಮ್ಮಲ್ಲಿ ಆ ಪದ ಸಂಗೀತ ಕಛೇರಿಯ ಆಹ್ವಾನಪತ್ರಿಕೆಗೆ ಹೋಗಿ ಕೂತಿದೆ. ಕೂಟಕ್ಕೆ ‘ಗೋಷ್ಠಿ’ ಅಂದರೆ ವೇದಿಕೆ, ಮೈಕು, ಅಧ್ಯಕ್ಷರ ಭಾಷಣ ಕಣ್ಣಿಗೆ ಬರುತ್ತದೆ. ‘ಹರಟೆ’ ತೀರಾ ಹಗುರ. ಜರ್ಮನ್ನರು ‘ಬ್ಲಾವ್‌ಸ್ಟ್ರುಂಫ್’ ಅಂತ ಪದಕ್ಕೆ ಪದ ಇಟ್ಟು ತಿರುಗಿಸಿಕೊಂಡರು. ಜಪಾನಿನ ಹೆಂಗಸರು 1911ರಲ್ಲಿ ತಮ್ಮ ಪತ್ರಿಕೆಗೆ ಇಟ್ಟ ‘ಸೇಯ್ತೋ’ ಎಂಬ ಹೆಸರೂ ಅದೇ, ಬೈಗುಳವನ್ನೇ ಹೆಮ್ಮೆಯಿಂದ ತೊಟ್ಟುಕೊಂಡರು. ಕನ್ನಡದಲ್ಲಿ ‘ನೀಲಿ ಕಾಲುಚೀಲದವಳು’ ಅಂದರೆ ಶಾಲೆಯ ಯೂನಿಫಾರ್ಮ್ ನೆನಪಾಗುತ್ತದೆ!

ಸದ್ಯಕ್ಕೆ ಹೀಗೆ ಮಾಡಿದ್ದೇನೆ: ಮಾಂಟೆಗ್ಯೂ ಕಾಲಕ್ಕೆ ‘ಬ್ಲೂಸ್ಟಾಕಿಂಗ್ ಬಳಗ’, ಅವರು ಸೇರುತ್ತಿದ್ದ ಸಂಜೆಗಳಿಗೆ ‘ಮಾತಿನ ಕೂಟ’. 1800ರ ನಂತರದ ಕುಹಕಕ್ಕೆ ಬೇರೆಯದೇ ಮಾತು ಬೇಕು. ‘ದೊಡ್ಡ ಪಂಡಿತಳು’ ಅಂದರೆ ಬಾಯಲ್ಲಿ ಹೇಳುವಾಗ ಚುಚ್ಚುತ್ತದೆ, ಅಚ್ಚಿನಲ್ಲಿ ಹೊಗಳಿಕೆಯ ಹಾಗೆ ಕಾಣುತ್ತದೆ. ಧಾರವಾಡದ ಕಡೆ, ಕರಾವಳಿ ಕಡೆ, ಹಳೇ ಮೈಸೂರಿನ ಕಡೆ ಜಾಸ್ತಿ ಓದಿದ ಹೆಂಗಸನ್ನು ಆಡಿಕೊಳ್ಳಲು ಏನನ್ನುತ್ತಾರೆ? ಅಜ್ಜಿಯರ ಬಾಯಲ್ಲಿ ಕೇಳಿದ್ದಿದ್ದರೆ ಇನ್ನೂ ಒಳ್ಳೆಯದು. ಯಾವ ಊರಿನ ಮಾತು ಅಂತಲೂ ಜೊತೆಗೆ ತಿಳಿಸಿ.