ಗ್ರಾಫೀನ್ ಬೆರೆಸಿದ ಎಪಾಕ್ಸಿ ತುಂಬಿದ ಮೇಲೆ ಮೋಟರ್ ವೈಂಡಿಂಗ್‌ನಲ್ಲಿ ಲೀಕೇಜ್

ತಾಮ್ರತಂತಿ:
ನಮಸ್ಕಾರ. ಒಂದು ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ) ಮೋಟರ್‌ಗೆ ಹೊಸ ವೈಂಡಿಂಗ್ ಮಾಡಿದ್ದೇನೆ. ಲೋಡ್ ಜಾಸ್ತಿಯಾದರೆ ಸುರುಳಿ ಬೇಗ ಕಾಯುತ್ತಿತ್ತು. ಶಾಖ ಹೊರಗೆ ಹೋಗಲಿ ಅಂತ ಎಪಾಕ್ಸಿಗೆ ತೂಕದ ಶೇ. 2ರಷ್ಟು ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ) ನ್ಯಾನೊ ಪುಡಿ ಬೆರೆಸಿ, ಕೋರ್‌ನಲ್ಲಿ ತಂತಿ ಕೂರುವ ಸ್ಲಾಟ್‌ಗಳಿಗೆ ತುಂಬಿದೆ. ಅದಕ್ಕೆ ಮುಂಚೆ 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ವೈಂಡಿಂಗ್‌ಗೂ ಕೋರ್‌ಗೂ ಮಧ್ಯೆ 200 ಮೆಗಾಓಮ್‌ಗಿಂತ ಮೇಲಿತ್ತು. ಗಟ್ಟಿಯಾದ ಮೇಲೆ 0.6ಕ್ಕೆ ಇಳಿದಿದೆ. ಮಲ್ಟಿಮೀಟರ್ ಮಾತ್ರ ಓಪನ್ ಅಂತಲೇ ತೋರಿಸುತ್ತದೆ. ತಂತಿ ಮೇಲಿನ ಎನಾಮೆಲ್ (ಇನ್ಸುಲೇಷನ್ ಲೇಪನ) ಎಲ್ಲಾದರೂ ಕಿತ್ತಿದೆಯಾ, ಇಲ್ಲ ಪುಡಿಯದ್ದೇ ಕೆಲಸವಾ?

ಸ್ಲಾಟ್‌ಪೇಪರ್:
ಮೊದಲು ಒಂದು ಮಾತು. ಮೆಗ್ಗರ್ ಹಚ್ಚುವಾಗ ಕಂಟ್ರೋಲರ್ ಮತ್ತು ಹಾಲ್ ಸೆನ್ಸರ್ (ರೋಟರ್ ಎಲ್ಲಿದೆ ಅಂತ ತಿಳಿಸುವುದು) ಎರಡನ್ನೂ ಬಿಚ್ಚಿಟ್ಟಿರಬೇಕು. 500 ವೋಲ್ಟ್ ಬಿದ್ದರೆ ಅವು ಉಳಿಯುವುದಿಲ್ಲ.

ಸುರುಳಿಮನೆ:
ನನಗೆ ಪುಡಿಯ ಮೇಲೇ ಅನುಮಾನ. ಗ್ರಾಫೀನ್ ಶಾಖವನ್ನಷ್ಟೇ ಅಲ್ಲ, ಕರೆಂಟನ್ನೂ ಚೆನ್ನಾಗಿ ಹರಿಸುತ್ತದೆ. ಕಣಗಳು ಒಂದಕ್ಕೊಂದು ತಾಗುವಷ್ಟಾದರೆ ಎಪಾಕ್ಸಿಯೊಳಗೆ ದಾರಿ ಬಿದ್ದುಬಿಡುತ್ತದೆ. ಚಪ್ಪಟೆ ಕಣಗಳಾದ್ದರಿಂದ ಅದಕ್ಕೆ ಶೇ. 2 ಸಾಕು, ಎಷ್ಟೋ ಸಲ ಅದಕ್ಕಿಂತ ಕಡಿಮೆಯೂ ಸಾಕು. ಕಾರ್ಬನ್ ನ್ಯಾನೊಟ್ಯೂಬ್‌ಗೆ ಇನ್ನೂ ಕಡಿಮೆ. ಕೆಲವು ಕಡೆ ಕಣಗಳ ನಡುವೆ ತೆಳು ಪದರ ಉಳಿದಿರುತ್ತದೆ. ಮಲ್ಟಿಮೀಟರ್‌ನ ಕೆಲವೇ ವೋಲ್ಟ್ ಅದನ್ನು ದಾಟುವುದಿಲ್ಲ, 500 ವೋಲ್ಟ್ ದಾಟುತ್ತದೆ.

ಎನಾಮೆಲ್ ಚೆನ್ನಾಗಿದ್ದರೂ ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳು ಇದ್ದೇ ಇರುತ್ತವೆ. ಸಾದಾ ಎಪಾಕ್ಸಿ ಅವನ್ನು ಮುಚ್ಚುತ್ತದೆ. ಗ್ರಾಫೀನ್ ಬೆರೆಸಿದ್ದು ಅವನ್ನೆಲ್ಲ ಕೋರ್‌ಗೆ ಜೋಡಿಸುತ್ತದೆ. ಲೀಡ್ ಬೆಸುಗೆ ಹಾಕಿದ ಜಾಗವೂ ಎಪಾಕ್ಸಿಯಲ್ಲಿ ಮುಳುಗಿದೆಯಾ ನೋಡಿ. ಅಲ್ಲಿ ಎನಾಮೆಲ್ ಕೆರೆದಿರುತ್ತೀರಿ ಅಲ್ವಾ?

ಖಚಿತ ಮಾಡಿಕೊಳ್ಳುವುದು ಸುಲಭ. ಡಬ್ಬಿಯಲ್ಲಿ ಮಿಕ್ಕು ಗಟ್ಟಿಯಾದ ಎಪಾಕ್ಸಿ ಬಿಲ್ಲೆ ಇದ್ದರೆ ಅದರ ಎರಡೂ ಕಡೆ ಅಲ್ಯೂಮಿನಿಯಂ ಹಾಳೆ ಒತ್ತಿ ಮೆಗ್ಗರ್ ಹಾಕಿ.

ತಾಮ್ರತಂತಿ:
ಸೆನ್ಸರ್, ಕಂಟ್ರೋಲರ್ ಎರಡೂ ಬಿಚ್ಚಿಯೇ ನೋಡಿದ್ದು. ಈಗ ಬಿಲ್ಲೆಯನ್ನೂ ನೋಡಿದೆ. ಅದೇ 1 ಮೆಗಾಓಮ್‌ಗಿಂತ ಕೆಳಗೆ ತೋರಿಸುತ್ತಿದೆ. ಬೆಸುಗೆಯೂ ಎಪಾಕ್ಸಿ ಒಳಗೇ ಇದೆ. ಮೇಲೆ ವಾರ್ನಿಷ್ ಬಳಿದರೆ ಸರಿಹೋಗುತ್ತದೆಯೇ? ಇಲ್ಲದಿದ್ದರೆ ಯಾವ ಪುಡಿ ಹಾಕಲಿ?

ಸುರುಳಿಮನೆ:
ವಾರ್ನಿಷ್ ಮೇಲಷ್ಟೇ ನಿಲ್ಲುತ್ತದೆ, ಲೀಕೇಜ್ ಇರುವುದು ಒಳಗೆ. ಈ ವೈಂಡಿಂಗ್ ತೆಗೆಯಲೇಬೇಕು. ಮ್ಯಾಗ್ನೆಟ್ ಇರುವ ರೋಟರ್ ಬೇರೆ ಇಟ್ಟು, ಸ್ಟೇಟರ್ ಹದವಾಗಿ ಬಿಸಿ ಮಾಡಿದರೆ ಎಪಾಕ್ಸಿ ಮೆತ್ತಗಾಗುತ್ತದೆ. ಗಾಳಿ ಆಡುವ ಕಡೆ ಮಾಡಿ. ಒಣಗಿದ್ದನ್ನು ಗ್ರೈಂಡರ್‌ನಲ್ಲಿ ಮಾತ್ರ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಮಾಡಿ, ಒಳ್ಳೆ ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಪುಡಿ ಅಂದರೆ ಷಟ್ಕೋನ ಬೋರಾನ್ ನೈಟ್ರೈಡ್. ಬಿಳಿ ಬಣ್ಣ, ಗ್ರಾಫೈಟ್‌ನಂತೆ ಮೆತ್ತಗೆ. ಶಾಖ ಹರಿಸುತ್ತದೆ, ಕರೆಂಟ್ ಹರಿಸುವುದಿಲ್ಲ. ಅಲ್ಯೂಮಿನಾ ಕೂಡ ನಡೆಯುತ್ತದೆ, ಆದರೆ ತುಂಬಾ ಗಡಸು, ಒತ್ತಿ ತುಂಬಿದರೆ ಎನಾಮೆಲ್ ಗೀರಬಹುದು. ಶಾಖಕ್ಕೆ ನ್ಯಾನೊ ಗಾತ್ರವೇ ಬೇಕು ಅಂತಿಲ್ಲ, ಮೈಕ್ರಾನ್ ಗಾತ್ರದ್ದೇ ಮೇಲು. ಕಣ ಸಣ್ಣದಾದಷ್ಟೂ ಶಾಖ ದಾಟಬೇಕಾದ ಅಂಚುಗಳು ಜಾಸ್ತಿ, ಎಪಾಕ್ಸಿಯೂ ಬೇಗ ಮಂದವಾಗುತ್ತದೆ. ನ್ಯಾನೊ ಸಿಲಿಕಾ, ನ್ಯಾನೊ ಅಲ್ಯೂಮಿನಾ ನಿಜಕ್ಕೂ ಕೆಲಸಕ್ಕೆ ಬರುವುದು ಇನ್ವರ್ಟರ್‌ನಿಂದ ಓಡುವ ಮೋಟರ್‌ಗಳ ತಂತಿ ಎನಾಮೆಲ್‌ನಲ್ಲಿ. ಅಲ್ಲಿ ಸಣ್ಣ ಡಿಸ್ಚಾರ್ಜ್‌ಗಳು ಎನಾಮೆಲ್ ತಿನ್ನುವುದನ್ನು ಅವು ತಡೆಯುತ್ತವೆ.

ಸ್ಲಾಟ್‌ಪೇಪರ್:
ಇದಕ್ಕೆ ಒಂದು ಸೇರಿಸುತ್ತೇನೆ. ಗಾಳಿಯ ಶಾಖವಾಹಕತೆ ಸುಮಾರು 0.026, ಸಾದಾ ಎಪಾಕ್ಸಿಯದು 0.2 ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್. ತಂತಿಗಳ ನಡುವಿನ ಗಾಳಿ ಓಡಿಸಿದರೇ ಏಳೆಂಟು ಪಟ್ಟು ಲಾಭ, ಪುಡಿ ಆಮೇಲಿನ ಮಾತು. ಮೊದಲು ಪುಡಿಯಿಲ್ಲದ ತೆಳು ರಾಳವನ್ನು ವ್ಯಾಕ್ಯೂಮ್‌ನಲ್ಲಿ ಸ್ಲಾಟ್‌ಗೆ ಇಳಿಸಿ. ಅದು ಗಟ್ಟಿಯಾದ ಮೇಲೆ ಎರಡೂ ತುದಿಗಳ ಸುರುಳಿಗೆ ಬೋರಾನ್ ನೈಟ್ರೈಡ್ ಎಪಾಕ್ಸಿ ಬಳಿಯಿರಿ. ಪ್ರತಿ ಹಂತದ ನಂತರ ಮೆಗ್ಗರ್ ಹಾಕಿ.

ಬಿಸಿ ಎಷ್ಟು ಇಳಿಯಿತು ಅಂತ ಮೈ ಮುಟ್ಟಿ ಹೇಳುವುದು ಬೇಡ. ತಣ್ಣಗಿದ್ದಾಗ ಒಂದು ಫೇಸ್‌ನ ರೆಸಿಸ್ಟೆನ್ಸ್ ಅಳೆದಿಡಿ, ಲೋಡ್ ತೆಗೆದ ಕೂಡಲೇ ಮತ್ತೆ ಅಳೆಯಿರಿ. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು ಶೇ. 0.39 ಏರುತ್ತದೆ. ಶೇ. 20 ಏರಿದ್ದರೆ ಸುರುಳಿ ಸುಮಾರು 50 ಡಿಗ್ರಿ ಕಾದಿದೆ ಅಂತ ಲೆಕ್ಕ.